ಬಾಯಾರಿದವರು, ಹೊರಗಿಟ್ಟವರು: ಕ್ರೈಸ್ತ ನಂಬಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸತ್ಯವೇದವನ್ನು, ಅಂದರೆ ಬೈಬಲನ್ನು, ನಾಲ್ಕು ಜನ ಜೊತೆಗೆ ಕೂತು ಓದಿದರೆ ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ. ಕೇಳುವವರಲ್ಲಿ ಹುಟ್ಟು ಕ್ರೈಸ್ತರಿರುತ್ತಾರೆ, ಈಗಷ್ಟೇ ಪುಟ ತೆರೆದವರಿರುತ್ತಾರೆ, ಸಭೆಯಿಂದ (ಚರ್ಚಿನಿಂದ) ನೊಂದು ದೂರ ಹೋದವರೂ ಇರುತ್ತಾರೆ. ಅವರ ಪ್ರಶ್ನೆಗಳಲ್ಲಿ ಬಹುಪಾಲು ಎರಡು ಕಡೆ ಹೋಗಿ ನಿಲ್ಲುತ್ತವೆ: ಒಳಗಿನ ದಾಹ ಮತ್ತು ಹೊರಗಿಟ್ಟ ಜನ. ಇವೆರಡೂ ಬೇರೆ ಬೇರೆ ಪಾಠಗಳೆಂದು ನಾನು ಬಹಳ ವರ್ಷ ತಿಳಿದಿದ್ದೆ. ಈಗ ಹಾಗೆ ತಿಳಿದಿಲ್ಲ.

ಆತ್ಮಿಕ ದಾಹ ಅಂದರೆ ನಿಜಕ್ಕೂ ಏನು? ಬರೀ ಅಲಂಕಾರದ ಮಾತೇ?

ಅಲಂಕಾರಕ್ಕಿಂತ ಹೆಚ್ಚಿನದು. ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿ 42ನೇ ಕೀರ್ತನೆ ನೀರಿನ ತೊರೆಗಾಗಿ ಹಾತೊರೆಯುವ ಜಿಂಕೆಯಿಂದ ಶುರುವಾಗುತ್ತದೆ. ಮರುಮಾತಿನಲ್ಲೇ ನನ್ನ ಪ್ರಾಣ ದೇವರಿಗಾಗಿ ಬಾಯಾರಿದೆ ಎನ್ನುತ್ತದೆ. ಅಲ್ಲಿ 'ಪ್ರಾಣ' ಎಂದು ನಾವು ಓದುವ ಹೀಬ್ರೂ ಪದ 'ನೆಫೆಷ್'. ಅದಕ್ಕೆ ಉಸಿರು, ಜೀವ ಎನ್ನುವ ಅರ್ಥಗಳ ಜೊತೆ 'ಗಂಟಲು' ಎನ್ನುವ ಅರ್ಥವೂ ಇದೆ. ಅಂದರೆ ಕೀರ್ತನೆಗಾರ ಒಣಗಿದ ಗಂಟಲಿನಿಂದಲೇ ಪ್ರಾರ್ಥಿಸುತ್ತಿದ್ದಾನೆ. 63ನೇ ಕೀರ್ತನೆಯ ತಲೆಬರಹ ದಾವೀದನನ್ನು ಯೆಹೂದದ ಅರಣ್ಯದಲ್ಲಿ, ನೀರಿಲ್ಲದ ಬೆಂಗಾಡಿನಲ್ಲಿ ನಿಲ್ಲಿಸುತ್ತದೆ. ಮಳೆಯನ್ನೇ ನಂಬಿ ಬದುಕಿದ ಜನರ ಭಾಷೆ ಇದು. ಅವರಿಗೆ ನೀರಿಲ್ಲ ಎಂದರೆ ಸಾವು ಎಂದೇ ಅರ್ಥ. ದೇವರಿಲ್ಲದ ಸ್ಥಿತಿಯನ್ನು ಹೇಳಲು ಅವರು ಈ ಮಾತನ್ನು ಆರಿಸಿಕೊಂಡರು.

ನನಗೆ ಅಂಥ ದಾಹವೇನೂ ಅನ್ನಿಸುವುದಿಲ್ಲ. ನನ್ನಲ್ಲಿ ಏನಾದರೂ ಕೊರತೆ ಇದೆಯೇ?

ಹಾಗೇನಿಲ್ಲ. ದಾಹವಿದ್ದೂ ಅದಕ್ಕೆ ಬೇರೆ ಹೆಸರಿಟ್ಟಿರಬಹುದು. ಪ್ರವಾದಿ ಯೆರೆಮೀಯನ 2ನೇ ಅಧ್ಯಾಯದಲ್ಲಿ ದೇವರು ಜನರ ಮೇಲೆ ಎರಡು ದೂರು ಹೇಳುತ್ತಾನೆ: ಉಕ್ಕುವ ಬುಗ್ಗೆಯಾದ ನನ್ನನ್ನು ಬಿಟ್ಟರು, ನೀರು ನಿಲ್ಲದ, ಬಿರುಕುಬಿಟ್ಟ ತೊಟ್ಟಿಗಳನ್ನು ತಮಗಾಗಿ ಕೊರೆದುಕೊಂಡರು. ಆ ನಾಡಿನಲ್ಲಿ ಸುಣ್ಣಕಲ್ಲಿನ ಬಂಡೆ ಕೊರೆದು, ಗಾರೆ ಬಳಿದು ಮಳೆನೀರು ಹಿಡಿಯುತ್ತಿದ್ದರು. ಗಾರೆ ಬಿರಿದರೆ ನೀರು ಸದ್ದಿಲ್ಲದೆ ಇಂಗಿಹೋಗುತ್ತಿತ್ತು. ತೋಡುವುದು ಸುಲಭದ ಕೆಲಸವಲ್ಲ ಎಂಬುದನ್ನೂ ಗಮನಿಸಿ. ಮೆಚ್ಚುಗೆ, ದುಡಿಮೆ, ಸಂಬಂಧ, ಕೆಲವೊಮ್ಮೆ ಧಾರ್ಮಿಕ ಚಟುವಟಿಕೆ ಕೂಡ, ಎಷ್ಟೋ ಜನ ಬೆವರು ಸುರಿಸಿ ತೋಡಿಕೊಂಡ ತೊಟ್ಟಿಗಳು. ಅವರನ್ನು ಸೋಮಾರಿಗಳೆಂದು ಬಯ್ಯಲು ನನಗೆ ಮನಸ್ಸಿಲ್ಲ.

'ಜೀವಕರವಾದ ನೀರು' ಎಂದರೇನು?

ಮೊದಲು ಸರಳ ಅರ್ಥ. ತೊಟ್ಟಿಯಲ್ಲಿ ನಿಂತ ನೀರಲ್ಲ, ಬುಗ್ಗೆಯಿಂದ ಹರಿಯುವ ನೀರು. ಹೀಬ್ರೂ ಜನ ಅದನ್ನು 'ಜೀವವುಳ್ಳ ನೀರು' ಎಂದೇ ಕರೆಯುತ್ತಿದ್ದರು. ಯಾಜಕಕಾಂಡದ 14ನೇ ಅಧ್ಯಾಯದಲ್ಲಿ ಕುಷ್ಠ ವಾಸಿಯಾದವನನ್ನು ಶುದ್ಧನೆಂದು ಸಾರಿ ಇಸ್ರಾಯೇಲರ ಪಾಳೆಯದೊಳಕ್ಕೆ ಮತ್ತೆ ಸೇರಿಸಿಕೊಳ್ಳುವ ವಿಧಿಗೆ ಬೇಕಾಗಿದ್ದೂ ಇದೇ ನೀರು. ಹೊರಗಿದ್ದವನು ಒಳಗೆ ಬರುವ ದಾರಿಯಲ್ಲಿ ಈ ನೀರಿತ್ತು ಎಂಬ ಸಂಗತಿಯನ್ನು ನಾನು ಓದಿದ್ದು ತಡವಾಗಿ. ಓದಿದ ಮೇಲೆ, ಯೇಸುವಿನ ಬದುಕನ್ನು ಹೇಳುವ ಯೋಹಾನನ ಸುವಾರ್ತೆಯ ಬಾವಿಯ ಪ್ರಸಂಗ ಬೇರೆಯೇ ಆಗಿ ಕಂಡಿತು. ಅದರ 4ನೇ ಅಧ್ಯಾಯದಲ್ಲಿ ಯೆಹೂದ್ಯನಾದ ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸೊಬ್ಬಳ ಹತ್ತಿರ ಕುಡಿಯಲು ನೀರು ಕೇಳುತ್ತಾನೆ, ಆಮೇಲೆ ಜೀವಕರವಾದ ನೀರನ್ನು ತಾನು ಕೊಡಬಲ್ಲೆ ಎನ್ನುತ್ತಾನೆ.

ಯೋಹಾನ 7ರಲ್ಲಿ ಅರ್ಥ ಇನ್ನೂ ತೆರೆದುಕೊಳ್ಳುತ್ತದೆ. ಯೆಹೂದ್ಯರ ಪರ್ಣಶಾಲೆಗಳ ಹಬ್ಬದ ದಿನಗಳಲ್ಲಿ ಯಾಜಕರು ಸಿಲೋವ ಕೊಳದಿಂದ ನೀರು ತಂದು ದೇವಾಲಯದ ಬಲಿಪೀಠದ ಬಳಿ ಸುರಿಯುತ್ತಿದ್ದರು. ಆ ಹಬ್ಬದ ಕೊನೆಯ ದಿನ ಯೇಸು ಎದ್ದು ನಿಂತು, ಬಾಯಾರಿದವರು ಯಾರಾದರೂ ಇದ್ದರೆ ನನ್ನ ಬಳಿಗೆ ಬಂದು ಕುಡಿಯಲಿ ಎಂದು ಕೂಗಿ ಹೇಳಿದನು. ಅದು ಪವಿತ್ರಾತ್ಮನ ಕುರಿತ ಮಾತು ಎಂದು ಸುವಾರ್ತೆಯೇ ಬಿಡಿಸಿ ಹೇಳುತ್ತದೆ.

ಯೆಹೂದ್ಯರು ಸಮಾರ್ಯದವರನ್ನು ಯಾಕೆ ದೂರ ಇಟ್ಟಿದ್ದರು?

ಹಳೆಯ ಜಗಳ. ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರ್ಯರು ಉತ್ತರದ ಇಸ್ರಾಯೇಲನ್ನು ಸೋಲಿಸಿ, ಅಲ್ಲಿನ ಎಷ್ಟೋ ಜನರನ್ನು ಸಾಗಿಸಿ, ಬೇರೆ ನಾಡಿನವರನ್ನು ತಂದು ನೆಲೆಗೊಳಿಸಿದರು. ಸಮಾರ್ಯದವರು ಬೆರಕೆಯವರು ಎಂಬ ಯೆಹೂದ್ಯರ ಆಪಾದನೆಗೆ ಇದು ಮೂಲ. ಸಮಾರ್ಯದವರು ಇದನ್ನು ಒಪ್ಪುವುದಿಲ್ಲ. ಮೋಶೆಯ ಧರ್ಮಶಾಸ್ತ್ರವನ್ನು ನಿಜವಾಗಿ ಕಾಪಾಡಿದವರು ತಾವೇ ಎನ್ನುತ್ತಾರೆ. ಅವರ ಆರಾಧನೆಯ ಸ್ಥಳ ಗೆರಿಜ್ಜೀಮ್ ಬೆಟ್ಟ. ಅಲ್ಲಿದ್ದ ಅವರ ದೇವಾಲಯವನ್ನು ಕ್ರಿ.ಪೂ. 2ನೇ ಶತಮಾನದ ಕೊನೆಯ ಭಾಗದಲ್ಲಿ ಯೆಹೂದ್ಯ ಅರಸ ಯೋಹಾನ ಹಿರ್ಕಾನಸ್ ಕೆಡವಿಸಿದ. ಯೇಸುವಿನ ಕಾಲಕ್ಕೆ ಆ ಗಾಯ ಒಂದು ಶತಮಾನಕ್ಕೂ ಹಳೆಯದಾಗಿತ್ತು, ಆದರೂ ಮಾಗಿರಲಿಲ್ಲ. ಸಮಾರ್ಯದವರು ಇಂದಿಗೂ ಇದ್ದಾರೆ, ಕೆಲವು ನೂರು ಜನ. ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬವನ್ನು ಅದೇ ಬೆಟ್ಟದ ಮೇಲೆ ಆಚರಿಸುತ್ತಾರೆ.

ಬಾವಿಯ ಬಳಿ ಬಂದ ಹೆಂಗಸು ನಡತೆಗೆಟ್ಟವಳಲ್ಲವೇ?

ಸಭೆಯ ಬಹಳ ಬೋಧನೆಗಳಲ್ಲಿ ಹಾಗೆ ಹೇಳುತ್ತಾರೆ. ಯೋಹಾನ 4ನ್ನು ನಿಧಾನವಾಗಿ ಓದಿ: ಅಲ್ಲಿ ಆ ಮಾತಿಲ್ಲ. ಆಕೆಗೆ ಐದು ಮಂದಿ ಗಂಡಂದಿರಿದ್ದರು, ಈಗ ಜೊತೆಗಿರುವವನು ಗಂಡನಲ್ಲ ಎಂದಷ್ಟೇ ಇದೆ. ಆ ಕಾಲದಲ್ಲಿ ಬಿಡುಗಡೆಯ ಪತ್ರ ಕೊಡುವ ಅಧಿಕಾರ ಸಾಮಾನ್ಯವಾಗಿ ಗಂಡಸಿನ ಕೈಯಲ್ಲಿತ್ತು. ಐವರಲ್ಲಿ ಎಷ್ಟು ಮಂದಿ ಸತ್ತರೋ, ಎಷ್ಟು ಮಂದಿ ಬಿಟ್ಟುಹೋದರೋ ಸುವಾರ್ತೆ ಹೇಳುವುದಿಲ್ಲ. ನಡುಮಧ್ಯಾಹ್ನ ಒಬ್ಬಳೇ ಬಂದಳು ಎಂಬುದರಿಂದ ಊರವರು ಆಕೆಯನ್ನು ದೂರವಿಟ್ಟಿದ್ದರು ಎಂದು ಊಹಿಸಬಹುದು, ಆದರೆ ಅದೂ ಊಹೆಯೇ. ಯೇಸು ಆಕೆಯ ಬದುಕಿನ ವಿಷಯವನ್ನು ಇದ್ದದ್ದು ಇದ್ದಹಾಗೆ ಹೇಳಿದನು. ಛೀ ಎನ್ನಲಿಲ್ಲ, 'ಇನ್ನು ಮೇಲೆ ಪಾಪಮಾಡಬೇಡ' ಎಂದೂ ಹೇಳಲಿಲ್ಲ. ಆತ ಹಾಕದ ತೀರ್ಪನ್ನು ಇಷ್ಟು ಶತಮಾನ ನಾವು ಹಾಕುತ್ತಾ ಬಂದಿದ್ದೇವೆ. ಇದು ನನಗೆ ತುಂಬ ನೋವಿನ ಸಂಗತಿ.

ಹಿಂದಿನ ಅಧ್ಯಾಯವನ್ನು ಪಕ್ಕಕ್ಕೆ ಇಟ್ಟು ನೋಡಿ. ಅಲ್ಲಿ ನಿಕೊದೇಮ, ಹೆಸರಿದ್ದವನು, ಬೋಧಕ, ರಾತ್ರಿ ಕದ್ದು ಬರುತ್ತಾನೆ, ಗೊಂದಲದಲ್ಲೇ ಮಾತು ನಿಲ್ಲಿಸುತ್ತಾನೆ. ಇಲ್ಲಿ ಹೆಸರಿಲ್ಲದ ಹೆಂಗಸು ಹಾಡುಹಗಲಲ್ಲಿ ದೇವರನ್ನು ಎಲ್ಲಿ ಆರಾಧಿಸಬೇಕು ಎಂಬ ಪ್ರಶ್ನೆ ಎತ್ತುತ್ತಾಳೆ. ನಾನೇ ಮೆಸ್ಸೀಯನು, ಅಂದರೆ ಜನ ಕಾಯುತ್ತಿದ್ದ ರಕ್ಷಕನು, ಎಂದು ಯೇಸು ನೇರವಾಗಿ ಹೇಳುವುದು ಇವಳಿಗೆ. ಪೂರ್ವದ ಆರ್ಥೊಡಾಕ್ಸ್ ಸಭೆ ಆಕೆಯನ್ನು ಫೋಟಿನಿ, ಅಂದರೆ ಬೆಳಕಿನವಳು, ಎಂಬ ಹೆಸರಿನಿಂದ ಸಂತಳೆಂದು ಗೌರವಿಸುತ್ತದೆ.

ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ 1883ರಲ್ಲಿ ಇಂಗ್ಲೆಂಡಿಗೆ ಹೋದಾಗ, ಸಮಾಜ ಕೈಬಿಟ್ಟ ಹೆಂಗಸರನ್ನು ಕ್ರೈಸ್ತ ಸಹೋದರಿಯರು ಆರೈಕೆ ಮಾಡುತ್ತಿದ್ದ ಮನೆಯನ್ನು ನೋಡಿದರು. ಇಂಥವರ ಮೇಲೆ ನಿಮಗೇಕೆ ಇಷ್ಟು ಅಕ್ಕರೆ ಎಂಬ ಅವರ ಪ್ರಶ್ನೆಗೆ ಸಿಕ್ಕ ಉತ್ತರ ಇದೇ ಯೋಹಾನ 4ರ ವಾಚನ. ತಮ್ಮ ಮನಸ್ಸು ಕ್ರಿಸ್ತನ ಕಡೆ ತಿರುಗಿದ್ದರಲ್ಲಿ ಆ ಅಧ್ಯಾಯದ ಪಾಲಿದೆ ಎಂದು ಅವರೇ ಮುಂದೆ ಬರೆದರು.

ಎಲ್ಲ ಕೊಡಬಲ್ಲವನು ಮೊದಲು ನೀರು ಕೇಳಿದ್ದು ಯಾಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಆತನಿಗೆ ನಿಜವಾಗಿ ಬಾಯಾರಿತ್ತು. ನಡೆದು ದಣಿದಿದ್ದನು. ಬಾವಿ ಆಳ, ಇಂದಿಗೂ ನಾಬ್ಲಸ್ ಊರಿನ ಬಳಿ, ಗ್ರೀಕ್ ಆರ್ಥೊಡಾಕ್ಸ್ ದೇವಾಲಯದೊಳಗೆ ತೋರಿಸುವ ಯಾಕೋಬನ ಬಾವಿ ಸುಮಾರು 40 ಮೀಟರ್ ಆಳವಿದೆ. ಸೇದಲು ಆತನ ಬಳಿ ಏನೂ ಇರಲಿಲ್ಲ. ಕುಡಿಯಬೇಕೆಂದರೆ ಆಕೆಯ ಕೊಡದಿಂದಲೇ ಕುಡಿಯಬೇಕು. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆ ಇಲ್ಲ ಎಂದು ಅಲ್ಲಿ ಬರುವ ಗ್ರೀಕ್ ಮಾತನ್ನು 'ಒಂದೇ ಪಾತ್ರೆ ಬಳಸುವುದಿಲ್ಲ' ಎಂದೂ ಅರ್ಥಮಾಡಬಹುದು ಎನ್ನುತ್ತಾರೆ ವಿದ್ವಾಂಸರು. ಮುಟ್ಟಬಾರದ ಪಾತ್ರೆಗೆ ಬಾಯಿಡಲು ಸಿದ್ಧನೆಂದು ಯೇಸು ಮೊದಲ ಮಾತಿನಲ್ಲೇ ತಿಳಿಸಿದನು. ಆಕೆ ಬೆಚ್ಚಿದ್ದು ಅದಕ್ಕೇ.

ಹೊರಗಿಟ್ಟವರಿಗೆ ಕೊಡುವವರು ಯಾವ ಕಾಲದಲ್ಲೂ ಸಿಗುತ್ತಾರೆ. ಕೊಡುವ ಕೈ ಮೇಲಿರುತ್ತದೆ, ಅಂತರ ಹಾಗೇ ಉಳಿಯುತ್ತದೆ. ಅವರ ಕೈಯಿಂದ ತೆಗೆದುಕೊಳ್ಳುವವರು ಅಪರೂಪ. 'ನಿನ್ನ ಹತ್ತಿರ ಇರುವುದು ನನಗೆ ಬೇಕು' ಎನ್ನುವ ಮಾತು ಮನುಷ್ಯರ ನಡುವಿನ ಅಂತರವನ್ನು ದಾನಕ್ಕಿಂತ ಬೇಗ ಅಳಿಸುತ್ತದೆ. ತನ್ನ ದಾಹವನ್ನು ಮುಚ್ಚಿಡದವನಿಗೆ ಮಾತ್ರ ಇನ್ನೊಬ್ಬರ ದಾಹ ಕಾಣುತ್ತದೆ. ದಾಹವೂ ಕನಿಕರವೂ ಬೇರೆ ಬೇರೆ ಪಾಠಗಳಲ್ಲ ಎಂದು ನಾನು ಮೊದಲೇ ಹೇಳಿದ್ದು ಈ ಕಾರಣಕ್ಕೆ.

ಕನಿಕರ ಎಂದರೆ ಮರುಕಪಡುವುದೇ?

ಅಲ್ಲ, ಇದನ್ನು ವಿವರಿಸಲು ಕನ್ನಡದಲ್ಲಿ ನಮಗೆ ಒಂದು ಅನುಕೂಲವಿದೆ. ಯೇಸು ಕನಿಕರಪಟ್ಟನು ಎನ್ನುವಲ್ಲಿ ಸುವಾರ್ತೆಗಳು ಬಳಸುವ ಗ್ರೀಕ್ ಕ್ರಿಯಾಪದ ಹುಟ್ಟಿದ್ದು 'ಕರುಳು' ಎಂಬರ್ಥದ ಪದದಿಂದ. ಬೇರೆ ಎಷ್ಟೋ ಭಾಷೆಗಳಲ್ಲಿ ಇದಕ್ಕೆ ಅಡಿಟಿಪ್ಪಣಿ ಬೇಕು. ನಮಗೆ 'ಕರುಳು ಚುರ್ ಎಂದಿತು' ಎಂದರೆ ಸಾಕು. ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ 12 ಸಲ ಬರುತ್ತದೆ, ಎಲ್ಲವೂ ಮತ್ತಾಯ, ಮಾರ್ಕ, ಲೂಕರಲ್ಲಿ. ನಾಯಿನೆಂಬ ಊರಿನಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡ ವಿಧವೆಯನ್ನು ಯೇಸು ಕಂಡಾಗ, ಆತನು ಹೇಳಿದ ಸಾಮ್ಯಕಥೆಗಳಲ್ಲಿ ದೂರದಿಂದ ಬರುವ ಮಗನನ್ನು ತಂದೆ ನೋಡಿದಾಗ, ದಾರಿಯಲ್ಲಿ ಅರೆಜೀವವಾಗಿ ಬಿದ್ದವನನ್ನು ಸಮಾರ್ಯದವನು ನೋಡಿದಾಗ.

ಆ ಕೊನೆಯ ಸಾಮ್ಯವನ್ನು ನಾವು 'ಹೊರಗಿನವರಿಗೆ ಸಹಾಯ ಮಾಡಿ' ಎಂಬ ಪಾಠವಾಗಿ ಓದುತ್ತೇವೆ. ಲೂಕ 10ರಲ್ಲಿ ಇರುವುದು ತಿರುಗುಮುರುಗು: ಸಹಾಯ ಮಾಡುವವನೇ ಹೊರಗಿನವನು. ಕಥೆ ಕೇಳಿದ ಧರ್ಮೋಪದೇಶಕನಿಗೆ ಕೊನೆಗೂ 'ಸಮಾರ್ಯದವನು' ಎಂಬ ಮಾತು ಬಾಯಿಂದ ಬರುವುದಿಲ್ಲ. 'ದಯೆ ತೋರಿಸಿದವನು' ಎಂದು ಸುತ್ತುಬಳಸಿ ಹೇಳುತ್ತಾನೆ.

ಕುಷ್ಠರೋಗಿಯನ್ನು ಮುಟ್ಟಿದ್ದರಲ್ಲಿ ಅಂಥ ವಿಶೇಷವೇನು?

ಸತ್ಯವೇದ ಕುಷ್ಠ ಎಂದು ಕರೆಯುವುದರಲ್ಲಿ ನಾನಾ ಬಗೆಯ ಚರ್ಮರೋಗಗಳು ಸೇರಿದ್ದವು. ಬಟ್ಟೆಗೂ ಮನೆಯ ಗೋಡೆಗೂ ಅದೇ ಹೆಸರು ಬಳಸಿದ್ದುಂಟು. ಯಾಜಕಕಾಂಡ 13ರ ಪ್ರಕಾರ ರೋಗಿ ಹರಿದ ಬಟ್ಟೆ ತೊಟ್ಟು, ತಲೆ ಕೆದರಿಕೊಂಡು, ಬಾಯಿ ಮುಚ್ಚಿ 'ಅಶುದ್ಧನು, ಅಶುದ್ಧನು' ಎಂದು ತಾನೇ ಕೂಗಬೇಕು, ಪಾಳೆಯದ ಹೊರಗೆ ಒಂಟಿಯಾಗಿ ಇರಬೇಕು. ಮಾರ್ಕ 1ರಲ್ಲಿ ಅಂಥವನೊಬ್ಬ ಬಂದು ಮೊಣಕಾಲೂರಿದಾಗ ಯೇಸು ಮೊದಲು ಕೈಚಾಚಿ ಮುಟ್ಟಿದನು, ಆಮೇಲೆ ಶುದ್ಧನಾಗು ಎಂದನು. ಬರೀ ಮಾತಿನಿಂದಲೂ ಗುಣಮಾಡಬಹುದಿತ್ತು. ಎಷ್ಟು ವರ್ಷದಿಂದ ಯಾರೂ ಮುಟ್ಟದಿದ್ದ ಮೈಗೆ ಆ ಕ್ಷಣ ಏನನ್ನಿಸಿತೋ.

ಪ್ರಸಂಗದ ಕೊನೆಯನ್ನು ಹೆಚ್ಚಿನವರು ಓದದೆ ದಾಟುತ್ತಾರೆ. ಗುಣವಾದವನು ಊರೆಲ್ಲ ಸಾರಿದ ಕಾರಣ ಯೇಸು ಇನ್ನು ಊರೊಳಗೆ ಬಹಿರಂಗವಾಗಿ ಹೋಗಲಾರದೆ ಹೊರಗೆ ನಿರ್ಜನ ಸ್ಥಳಗಳಲ್ಲಿ ಉಳಿದನು. ಅವನು ಒಳಗೆ, ಈತನು ಹೊರಗೆ. ಯೇಸು ಊರಬಾಗಿಲಿನ ಹೊರಗೆ ಸತ್ತನು, ನಾವೂ ಪಾಳೆಯದ ಹೊರಗೆ ಆತನ ಬಳಿಗೆ ಹೋಗೋಣ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ 13ನೇ ಅಧ್ಯಾಯದಲ್ಲಿ ಕರೆಯುವುದು ಇದೇ ಜಾಡಿನಲ್ಲಿ.

1873ರಲ್ಲಿ, ನಾರ್ವೆಯ ವೈದ್ಯ ಹ್ಯಾನ್ಸೆನ್ ಕುಷ್ಠದ ರೋಗಾಣುವನ್ನು ಕಂಡುಹಿಡಿದ ವರ್ಷವೇ, ಬೆಲ್ಜಿಯಂನ ಫಾದರ್ ಡೇಮಿಯನ್ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಹೋದರು. ಅಲ್ಲಿನ ಕಡಲಂಚಿಗೆ ರೋಗಿಗಳನ್ನು ಬಲವಂತವಾಗಿ ಗಡೀಪಾರು ಮಾಡಿದ್ದರು. ರೋಗ ತಗಲುವುದಕ್ಕೆ ಎಷ್ಟೋ ಮೊದಲೇ ಅವರು ಬೋಧನೆಯಲ್ಲಿ 'ಕುಷ್ಠರೋಗಿಗಳಾದ ನಾವು' ಎನ್ನುತ್ತಿದ್ದರು. 1889ರಲ್ಲಿ ಅದೇ ರೋಗದಿಂದ ತೀರಿಕೊಂಡರು.

ಪಾಪಿಗಳ ಜೊತೆ ಊಟಕ್ಕೆ ಕೂರುವುದು ಪಾಪವನ್ನು ಒಪ್ಪಿದಂತಲ್ಲವೇ?

ಇದೇ ದೂರನ್ನು ಆಗಲೂ ಹೇಳಿದರು. ಜಕ್ಕಾಯನ ಪ್ರಸಂಗ ನೋಡಿ, ಲೂಕ 19. ಅವನು ಬಡಪಾಯಿಯಲ್ಲ, ಸುಂಕದವರ ಮುಖಂಡ, ಐಶ್ವರ್ಯವಂತ, ಸ್ವಂತ ಜನರಿಂದ ಸುಲಿದು ರೋಮಿನವರಿಗೆ ಒಪ್ಪಿಸುವ ವ್ಯವಸ್ಥೆಯ ಭಾಗ. ಊರಿಗೆ ಅವನ ಮೇಲಿದ್ದ ಸಿಟ್ಟಿಗೆ ಕಾರಣವಿತ್ತು. ತುಳಿತಕ್ಕೊಳಗಾದವರ ಮೇಲಿನ ಕನಿಕರಕ್ಕಿಂತ ಇಂಥವನ ಮೇಲಿನ ಕನಿಕರ ಕಷ್ಟ. ಯೇಸು ಇಲ್ಲೂ ಮೊದಲು ಕೇಳಿದನು: ಈ ಹೊತ್ತು ನಾನು ನಿನ್ನ ಮನೆಯಲ್ಲಿ ಉಳಿಯಬೇಕು. ಪಶ್ಚಾತ್ತಾಪದ ಷರತ್ತು ಹಾಕಲಿಲ್ಲ. ಆಮೇಲೆ ಜಕ್ಕಾಯನೇ ಎದ್ದು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಸಿದದ್ದಕ್ಕೆ ನಾಲ್ಕರಷ್ಟು ವಾಪಸು ಎಂದನು. ಬದಲಾವಣೆ ಬಂತು, ಊರವರಿಗೆ ನ್ಯಾಯವೂ ಸಿಕ್ಕಿತು. ಆದರೆ ಅದು ಊಟದ ಪಂಕ್ತಿಗೆ ಸೇರಲು ಪ್ರವೇಶ ಶುಲ್ಕವಾಗಿರಲಿಲ್ಲ.

ಯೇಸುವೇ ಪರದೇಶದ ತಾಯಿಯೊಬ್ಬಳಿಗೆ 'ನಾಯಿಮರಿ' ಎಂಬ ಮಾತು ಆಡಲಿಲ್ಲವೇ?

ಆಡಿದನು. ಮಾರ್ಕ 7, ಮತ್ತಾಯ 15. ಮಗಳನ್ನು ಗುಣಮಾಡು ಎಂದು ಬೇಡಿದ ಆಕೆಗೆ, ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಎಂದನು. ಅವಳ ನಂಬಿಕೆಯನ್ನು ಪರೀಕ್ಷಿಸಿದನು ಎಂದು ಕೆಲವರು, ಶಿಷ್ಯರ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಆಡಿ ತೋರಿಸಿದನು ಎಂದು ಕೆಲವರು ವಿವರಿಸುತ್ತಾರೆ. ನನಗೆ ಇವತ್ತಿಗೂ ಅದು ಓದಲು ಕಷ್ಟವಾದ ಭಾಗ, ಅದನ್ನು ನುಣುಪು ಮಾಡಲಾರೆ. ಕಾಣುವುದಿಷ್ಟು: ಆಕೆ ಅಂಜಲಿಲ್ಲ. ಮೇಜಿನ ಕೆಳಗಿನ ಮರಿಗಳೂ ಮಕ್ಕಳ ಕೈಯಿಂದ ಬಿದ್ದ ಚೂರು ತಿನ್ನುತ್ತವಲ್ಲ ಎಂದು ಎದುರುತ್ತರ ಕೊಟ್ಟಳು. ವಾದದಲ್ಲಿ ಗೆದ್ದವಳು ಆಕೆ, ಅದನ್ನು ಒಪ್ಪಿದವನು ಯೇಸು. ಸುವಾರ್ತೆ ಬರೆದವರು ಇದನ್ನು ಬಚ್ಚಿಡಲಿಲ್ಲ ಎಂಬುದು ನನಗೆ ಮುಖ್ಯ.

ವರ್ಷಗಳಿಂದ ಪ್ರಾರ್ಥಿಸುತ್ತಿದ್ದೇನೆ, ಒಳಗೆ ಬರೀ ಒಣ. ನನ್ನ ನಂಬಿಕೆ ಸತ್ತಿದೆಯೇ?

ಸತ್ತವರಿಗೆ ಬಾಯಾರುವುದಿಲ್ಲ. 88ನೇ ಕೀರ್ತನೆ ಕತ್ತಲೆ ಎಂಬ ಮಾತಿನಲ್ಲೇ ಮುಗಿಯುತ್ತದೆ. ಅದರಾಚೆ ಸಮಾಧಾನದ ಒಂದು ಸಾಲೂ ಇಲ್ಲ, ಆದರೂ ಅದು ಪ್ರಾರ್ಥನೆಯಾಗಿ ಸತ್ಯವೇದದಲ್ಲಿದೆ. ಮದರ್ ತೆರೇಸಾ ಸ್ಥಾಪಿಸಿದ ಸಂಸ್ಥೆಯ ಪ್ರಾರ್ಥನಾಲಯಗಳಲ್ಲಿ ಶಿಲುಬೆಯ ಪಕ್ಕ 'ನನಗೆ ದಾಹವಾಗಿದೆ' ಎಂಬ ಯೇಸುವಿನ ಮಾತು ಬರೆದಿರುತ್ತದೆ. ಆ ಮಾತನ್ನು ಬರೆಸಿದಾಕೆಯೇ ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವಿಲ್ಲದೆ ಬದುಕಿದರು ಎಂದು 2007ರಲ್ಲಿ ಪ್ರಕಟವಾದ ಅವರ ಪತ್ರಗಳು ತಿಳಿಸಿದವು. ಅಷ್ಟು ವರ್ಷವೂ ಅವರು ಬೀದಿಯಲ್ಲಿ ಬಿದ್ದವರನ್ನು ಎತ್ತಿ ತರುವುದನ್ನು ಬಿಡಲಿಲ್ಲ.

ಒಣಗಿದ ದಿನಗಳು ತಿಂಗಳುಗಟ್ಟಲೆ ಸಾಗಿ, ನಿದ್ದೆ, ಊಟ, ಬದುಕುವ ಆಸೆಯೇ ಕುಗ್ಗುತ್ತಿದ್ದರೆ ವೈದ್ಯರ ಬಳಿಗೂ ಹೋಗಿ. ಅದು ಅಪನಂಬಿಕೆಯಲ್ಲ.

ಸಹಾಯ ಮತಾಂತರಕ್ಕೆ ಹಾಕುವ ಗಾಳವೇ?

ಆಗಬಾರದು. ಲೂಕ 17ರಲ್ಲಿ ಹತ್ತು ಕುಷ್ಠರೋಗಿಗಳು ಶುದ್ಧರಾದರು, ಒಬ್ಬನೇ ತಿರುಗಿ ಬಂದನು, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದನು, ಆದರೆ ಅವರ ರೋಗವನ್ನು ಮರಳಿ ಕೊಡಲಿಲ್ಲ.

ಸಭೆಗಳೇ ಜನರನ್ನು ಹೊರಗಿಟ್ಟಿವೆಯಲ್ಲ?

ಇಟ್ಟಿವೆ. ಬಣ್ಣದ ಹೆಸರಿನಲ್ಲಿ, ಜಾತಿಯ ಹೆಸರಿನಲ್ಲಿ, ಬಡತನದ ಕಾರಣಕ್ಕೆ ಬೇರೆ ಸಾಲು, ಬೇರೆ ಬಾಗಿಲು, ಸತ್ತ ಮೇಲೂ ಬೇರೆ ಸ್ಮಶಾನ ಮಾಡಿದ ಸಭೆಗಳಿವೆ. ಹೊಸ ರೋಗವೂ ಅಲ್ಲ: ಚಿನ್ನದುಂಗುರದವನಿಗೆ ಒಳ್ಳೇ ಆಸನ, ಬಡವನಿಗೆ ಕಾಲ ಬಳಿ ಜಾಗ ಎಂದು ಯಾಕೋಬನ ಪತ್ರಿಕೆ 2ನೇ ಅಧ್ಯಾಯದಲ್ಲಿ ಗದರಿಸುತ್ತದೆ, ಕೊರಿಂಥದವರ ಪ್ರಭುಭೋಜನದಲ್ಲಿ ಒಬ್ಬನು ಹಸಿದಿರುವಾಗ ಇನ್ನೊಬ್ಬನು ಕುಡಿದು ಮತ್ತನಾಗಿದ್ದನು ಎಂದು ಪೌಲ ಸಿಡಿದನು. ಇದಕ್ಕೆ ಸಮರ್ಥನೆ ಹುಡುಕುವ ಕೆಲಸ ನನ್ನದಲ್ಲ. ಕ್ಷಮೆ ಕೇಳಬೇಕು, ಗೋಡೆ ಕೆಡವಬೇಕು.

ನನ್ನನ್ನು ಸಭೆಯೇ ಹೊರಹಾಕಿತು. ನನಗೇನು ಉಳಿದಿದೆ?

ಯೋಹಾನ 9ರಲ್ಲಿ ಹುಟ್ಟುಕುರುಡನಾಗಿದ್ದವನನ್ನು ಧಾರ್ಮಿಕ ಮುಖಂಡರು ಹೊರಹಾಕುತ್ತಾರೆ. ಹೆತ್ತವರೂ ಹೆದರಿ ಜಾರಿಕೊಂಡಿರುತ್ತಾರೆ. ಅವನನ್ನು ಹೊರಹಾಕಿದರೆಂಬ ಸುದ್ದಿ ಕೇಳಿ ಯೇಸು ಅವನನ್ನು ಹುಡುಕಿ ಕಂಡುಕೊಂಡನು ಎಂದು 35ನೇ ವಚನದಲ್ಲಿದೆ.

ಆದಿಕಾಂಡದಲ್ಲಿ ಬರುವ, ಅಬ್ರಹಾಮನ ಮನೆಯ ಹಾಗರಳನ್ನೂ ನೆನೆಯಿರಿ. ದಾಸಿ, ಪರದೇಶಿ, ಮಗನ ಸಮೇತ ಮನೆಯಿಂದ ಹೊರಬಿದ್ದವಳು. ತಿತ್ತಿಯ ನೀರು ಮುಗಿದಾಗ ಮಗ ಸಾಯುವುದನ್ನು ನೋಡಲಾರೆನೆಂದು ಗಿಡದ ಕೆಳಗೆ ಬಿಟ್ಟು ದೂರ ಹೋಗಿ ಕೂತು ಅತ್ತಳು. ದೇವರು ಆಕೆಯ ಕಣ್ಣು ತೆರೆದನು, ಆಗ ಬಾವಿ ಕಂಡಿತು. ಅದಕ್ಕೂ ಮುಂಚೆ, ಮೊದಲ ಸಲ ಓಡಿಹೋದಾಗ, ಆಕೆ ದೇವರಿಗೇ ಒಂದು ಹೆಸರಿಟ್ಟಿದ್ದಳು: ನನ್ನನ್ನು ನೋಡುವ ದೇವರು. ಸತ್ಯವೇದದಲ್ಲಿ ದೇವರಿಗೆ ಹೀಗೆ ಹೆಸರಿಟ್ಟವರಲ್ಲಿ ಆಕೆಯೇ ಮೊದಲಿಗಳು.

ಎಲ್ಲಿಂದ ಶುರು ಮಾಡಲಿ?

ಕೊಡುವ ಯೋಜನೆ ಹಾಕುವ ಮುಂಚೆ ಏನಾದರೂ ಕೇಳಿ. ಹೆಸರು ಕೇಳಿ. ನಿಮಗೆ ಗೊತ್ತಿಲ್ಲದ, ಅವರಿಗೆ ಗೊತ್ತಿರುವ ವಿಷಯ ಕೇಳಿ. ಅವರು ಕೊಟ್ಟದ್ದನ್ನು ತಿನ್ನಿ, ಕುಡಿಯಿರಿ. ನನಗಾಗಿ ಪ್ರಾರ್ಥಿಸುವಿರಾ ಎಂದು ಕೇಳಿ. ನಾನು ಒಮ್ಮೆ ಒಬ್ಬ ರೋಗಿಯನ್ನು ಸಂತೈಸಲು ಹೋಗಿ, ಮಾತು ಸಿಕ್ಕದೆ ಕೂತಿದ್ದೆ. ಕೊನೆಗೆ ನನ್ನ ಚಿಂತೆಯನ್ನೇ ಅವರ ಮುಂದೆ ಹೇಳಿಕೊಂಡೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆ ಭೇಟಿಯಲ್ಲಿ ಅವರ ಮುಖ ಅರಳಿದ್ದು ಆಗ ಮಾತ್ರ.

ಕೊನೆಗೆ ಯೇಸುವಿಗೆ ಆ ನೀರು ಸಿಕ್ಕಿತೇ?

ಈ ಪ್ರಶ್ನೆಯನ್ನು ಹೆಚ್ಚಾಗಿ ಮಕ್ಕಳು ಕೇಳುತ್ತಾರೆ. ಸುವಾರ್ತೆ ಹೇಳುವುದಿಲ್ಲ. ಮಾತು ಮುಗಿಯುವಷ್ಟರಲ್ಲಿ ಶಿಷ್ಯರು ಬಂದರು, ಆಕೆ ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿದಳು. ಊರವರು ಬಂದು ಆತನನ್ನು ತಮ್ಮಲ್ಲಿ ಇರಬೇಕೆಂದು ಕೇಳಿಕೊಂಡರು. ಆತ ಅಲ್ಲಿ ಎರಡು ದಿನ ಉಳಿದನು. ಆಗ ಸಮಾರ್ಯದವರ ನೀರು, ಸಮಾರ್ಯದವರ ಪಾತ್ರೆ ಎಲ್ಲವೂ ಆಗಿರಬೇಕು.

ಅದೇ ಸುವಾರ್ತೆಯಲ್ಲಿ ಆತ ತನಗೆ ದಾಹವಾಗಿದೆ ಎಂದು ಬಾಯಿಬಿಟ್ಟು ಹೇಳುವುದು ಶಿಲುಬೆಯ ಮೇಲೆ. ಬಾವಿಯ ಬಳಿ ದಣಿದು ಕೂತಾಗ 'ಹೆಚ್ಚುಕಡಿಮೆ ಆರನೇ ತಾಸು', ಅಂದರೆ ನಡುಮಧ್ಯಾಹ್ನ, ಎಂದು ಬರೆದ ಯೋಹಾನ, ರೋಮಿನ ಅಧಿಪತಿ ಪಿಲಾತನು ಆತನನ್ನು ಜನರ ಮುಂದೆ ನಿಲ್ಲಿಸಿದಾಗಲೂ ಅದೇ ಹೊತ್ತನ್ನು ಬರೆದಿದ್ದಾನೆ. ಆ ಮಧ್ಯಾಹ್ನ ಊರ ಹೊರಗೆ ಆತನಿಗೆ ಸಿಕ್ಕಿದ್ದು ಹುಳಿರಸದಲ್ಲಿ ಅದ್ದಿದ ಸ್ಪಂಜು.